ಮೂರು ಲಕ್ಷದ ಚೌಕಾಬಾರ

ಸೀನ ಬ್ಯಾಂಕಿನಿಂದ ನಿವೃತ್ತನಾಗಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಬಾರೋ, ಮುಖ್ಯವಾದ ವಿಷಯ ಇದೆ. ನಾಗನ್ನೂ ಕರೆದಿದ್ದೀನಿ, ಶೇಷಣ್ಣನೂ ಬರ್ತಾರೆ" ಅಂದ. ಮಗಳ ಮದುವೆ ಮಾತುಕತೆ ಇರಬೇಕು ಅಂದುಕೊಂಡು ಇಸ್ತ್ರಿ ಶರಟು ಹಾಕಿಕೊಂಡು ಜಯನಗರಕ್ಕೆ ಹೋದೆ. ನೋಡಿದರೆ ಹಾಲ್ ಮಧ್ಯೆ ಟೀಪಾಯಿ, ಅದರ ಮೇಲೆ ರೇಷ್ಮೆ ಬಟ್ಟೆ, ಬಟ್ಟೆಯ ಮೇಲೆ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಮದುಮಗಳಿಗೂ ಅಷ್ಟು ಮರ್ಯಾದೆ ಸಿಗುವುದಿಲ್ಲ.

"ನೆಟ್‌ವರ್ಕ್ ಪ್ಲೇಯರ್" ಅಂದ ಸೀನ, ಮಗು ಮಲಗಿದೆ ಅನ್ನುವ ಹಾಗೆ ಮೆಲ್ಲಗೆ. "ಅಂಗಡಿಯವರು ಎರಡು ದಿನ ಕೇಳಿ ನೋಡೋಕೆ ಕೊಟ್ಟಿದ್ದಾರೆ. ಇಷ್ಟ ಆದ್ರೆ ತಗೋಬಹುದು. 3 ಲಕ್ಷ."

ಒಳಗೆ ಅತ್ತಿಗೆ, ಅಂದರೆ ಸೀನನ ಹೆಂಡತಿ, ಪಾತ್ರೆ ಇಟ್ಟ ಸದ್ದು ಕೇಳಿಸಿತು. ಆ ಸದ್ದಿನಲ್ಲಿ ದಪ್ಪ ಸ್ವರದ ಬಾಸ್ ಸ್ವಲ್ಪ ಜಾಸ್ತಿಯೇ ಇತ್ತು.

ಶೇಷಣ್ಣ ರೇಡಿಯೋದಲ್ಲಿ ಎಂಜಿನಿಯರ್ ಆಗಿದ್ದವರು. ಯಾವ ವಿಷಯ ತೆಗೆದರೂ 1935ರಿಂದ ಶುರು ಮಾಡುತ್ತಾರೆ. "ನೋಡಪ್ಪಾ, 1935ರಲ್ಲಿ ಮೈಸೂರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದಾಗ..."

"ಶೇಷಣ್ಣ, ಕಾಫಿ ಆರುತ್ತೆ" ಅಂದ ನಾಗ.

ಅವರು 1935ನ್ನು ಅಲ್ಲೇ ಬಿಟ್ಟು ಲೋಟ ಎತ್ತಿಕೊಂಡರು. ಪೆಟ್ಟಿಗೆಯನ್ನು ಹಿಂದೆ ಮುಂದೆ ನೋಡಿ, "ಸಿಡಿ ಎಲ್ಲಿಂದ ಹಾಕ್ತಾರೆ?" ಅಂತ ಕೇಳಿದರು.

"ಹಾಕಲ್ಲ. ಅದೇ ಮಜಾ" ಅಂದ ಸೀನ. "ಹಾಡು ನೆಟ್‌ವರ್ಕ್‌ನಲ್ಲಿ ಬರುತ್ತೆ. ನನ್ನ ಹಾರ್ಡ್ ಡಿಸ್ಕಲ್ಲಿ ಇದ್ರೆ ಅಲ್ಲಿಂದ, ಇಲ್ಲಾಂದ್ರೆ ಇಂಟರ್‌ನೆಟ್ಟಿಂದ. ಇದು ತಗೊಂಡು ಆಂಪ್ಲಿಫೈಯರಿಗೆ ಕೊಡುತ್ತೆ."

"ಅಂದ್ರೆ ಹಾಲು ಹಾಕೋ ಹುಡುಗ" ಅಂದರು ಶೇಷಣ್ಣ.

"ಹಾಲು ಹಾಕೋನಿಗೆ 3 ಲಕ್ಷನಾ?" ಅಂದಳು ಅತ್ತಿಗೆ ಒಳಗಿಂದಲೇ.

ಮೂರು ತಿಂಗಳಿಂದ ಓದಿ ಓದಿ ಸೀನ ತಯಾರಾಗಿದ್ದ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಲಿನ್ ಅನ್ನುವ ಕಂಪನಿ, ರೆಕಾರ್ಡ್ ಪ್ಲೇಯರ್‌ಗೆ ಹೆಸರಾದವರು, 2007ರಲ್ಲೇ ಕ್ಲೈಮ್ಯಾಕ್ಸ್ ಡಿಎಸ್ ಅಂತ ಇಂಥದ್ದೊಂದು ಪೆಟ್ಟಿಗೆ ತಂದರಂತೆ. 2009ರಲ್ಲಿ, ಇನ್ನು ಮೇಲೆ ಸಿಡಿ ಪ್ಲೇಯರೇ ಮಾಡುವುದಿಲ್ಲ ಅಂತ ಸಾರಿಬಿಟ್ಟರಂತೆ.

"ಅದೇ ವರ್ಷ ನಾನು ಸಿಡಿ ಪ್ಲೇಯರ್ ಕೊಂಡೆ" ಅಂದರು ಶೇಷಣ್ಣ. ಅವರ ಮುಖ ಸಣ್ಣಗಾಯಿತು.

"ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೇಮ್ ಅಂತ ಇನ್ನೊಂದು ಕಂಪನಿ" ಸೀನ ನಿಲ್ಲಿಸಲಿಲ್ಲ. "ಅವರದ್ದು ಎನ್‌ಡಿ 555 ಅಂತ ಇದೆ. ಅದರ ಪವರ್ ಸಪ್ಲೈ ಒಳಗಿರಲ್ಲ. ಅದಕ್ಕೇ ಅಂತ ಬೇರೆ ಪೆಟ್ಟಿಗೆ ಕೊಳ್ಳಬೇಕು."

"ಎಮ್ಮೆ ಒಂದು ಕಡೆ, ಕೆಚ್ಚಲು ಒಂದು ಕಡೆ" ಅಂದ ನಾಗ.

ನನಗೆ ಈ ಭಾಷೆಯೇ ಹೊಸದು. ಸುಮ್ನೆ ಇರಬೇಕಿತ್ತು. ಬಾಯಿ ತಪ್ಪಿ, "ನನ್ನ ಫೋನಿಂದ ಬ್ಲೂಟೂತಲ್ಲಿ ಹಾಕಿದ್ರೆ ಆಗಲ್ವಾ?" ಅಂದುಬಿಟ್ಟೆ.

ಶ್ರಾದ್ಧದ ಊಟಕ್ಕೆ ಕೂತು ಈರುಳ್ಳಿ ಕೇಳಿದವನನ್ನು ನೋಡುವ ಹಾಗೆ ಮೂವರೂ ನನ್ನ ಕಡೆ ನೋಡಿದರು. ಕೊನೆಗೆ ನಾಗನಿಗೆ ಕನಿಕರ ಬಂತು. ಅವನು ದೊಡ್ಡ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. "ಬ್ಲೂಟೂತ್ ಹಾಡನ್ನ ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತೆ. ಅದೂ ಹೋಗಲಿ. ಹಾಡೆಲ್ಲ ನಿನ್ನ ಫೋನಿನ ಮೂಲಕವೇ ಹೋಗಬೇಕು. ಮಲ್ಲಿಕಾರ್ಜುನ ಮನ್ಸೂರರು ತಾನ್ ತಗೊಂಡಿರ್ತಾರೆ, ಪರ್ಸನಲ್ ಲೋನ್ ಬೇಕಾ ಸಾರ್ ಅಂತ ಒಬ್ಬಳು ಫೋನ್ ಮಾಡ್ತಾಳೆ. ತಾನ್ ಅಲ್ಲಿಗೇ ನಿಂತುಹೋಗುತ್ತೆ. ಈ ಪೆಟ್ಟಿಗೆ ಹಾಗಲ್ಲ. ಫೋನು ಬರೀ ರಿಮೋಟು. ಯಾವ ಹಾಡು ಅಂತ ಹೇಳಿ ಫೋನ್ ಆಫ್ ಮಾಡು, ಪೆಟ್ಟಿಗೆ ತಾನೇ ಹೋಗಿ ಹಾಡು ತರುತ್ತೆ."

ಇದು ಮಾತ್ರ ನನಗೆ ನಿಜವಾಗಿ ಹಿಡಿಸಿತು. ಉಳಿದದ್ದೆಲ್ಲ ಹೇಗೇ ಇರಲಿ, ಲೋನಿನವಳ ಕಾಟ ಇಲ್ಲದ ಸಂಗೀತಕ್ಕೆ ಒಂದಿಷ್ಟು ದುಡ್ಡು ಕೊಡಬಹುದು.

"ಆದ್ರೆ ತರೋದಕ್ಕೆ 3 ಲಕ್ಷ ಬೇಕಿಲ್ಲ" ಅಂತ ನಾಗ ತನ್ನ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಟೀಪಾಯಿ ಮೇಲೆ ಇಟ್ಟ. ಚಕ್ಕುಲಿ ಅಂತ ನಾನು ಕೈ ಹಾಕಿದೆ. ಒಳಗೆ ರಾಸ್ಪ್‌ಬೆರಿ ಪೈ. ಅಂಗೈ ಅಗಲದ ಕಂಪ್ಯೂಟರ್ ಬೋರ್ಡು, ಅದರ ಬೆನ್ನ ಮೇಲೆ ಇನ್ನೊಂದು ಸಣ್ಣ ಬೋರ್ಡು. "ಎಲ್ಲ ಸೇರಿ 10 ಸಾವಿರ. ತಂತ್ರಾಂಶ ಪುಕ್ಕಟೆ. ಒಂದೇ ತೊಂದರೆ, ಮುಚ್ಚಳ ಹಾಕಿದ್ರೆ ವೈಫೈ ಬರಲ್ಲ. ಸ್ಟೀಲು ನೋಡಿ."

ಸೀನ ರೇಷ್ಮೆ ಬಟ್ಟೆಯನ್ನು ಡಬ್ಬಿಗೆ ತಾಗದ ಹಾಗೆ ಈ ಕಡೆ ಎಳೆದುಕೊಂಡ. ಮಡಿ ಹೆಂಗಸರ ನೆನಪಾಯಿತು.

"ನಿನಗೆ ಕೇಬಲ್ಲಿನ ಬೆಲೆ ಗೊತ್ತಿಲ್ಲ ನಾಗ. ಒಳ್ಳೆ ಈಥರ್‌ನೆಟ್ ಕೇಬಲ್ ಹಾಕಿದ್ರೆ ಹಾಡಿಗೆ ಗಾಳಿ ಬೆಳಕು ಬರುತ್ತಂತೆ."

ನಾಗನಿಗೆ ಕೋಪ ಬರುವುದು ಎರಡೇ ಜಾಗದಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಈಥರ್‌ನೆಟ್ ಕೇಬಲ್ಲಿನಲ್ಲಿ. "ಲೋ ಸೀನ, ನಿನ್ನ ಪಿಂಚಣಿ ಯಾವುದರಲ್ಲಿ ಬರುತ್ತೆ? ಇಂಥ ವೈರಲ್ಲೇ ಅಲ್ವಾ? ಬೆಳ್ಳಿ ವೈರು ಹಾಕಿದ್ರೆ 200 ರೂಪಾಯಿ ಜಾಸ್ತಿ ಬರುತ್ತಾ? ಹಾಡು ತುಂಡು ತುಂಡಾಗಿ ಬರುತ್ತೆ. ಒಂದು ತುಂಡು ಕೆಟ್ಟರೆ ಪೆಟ್ಟಿಗೆ ಮತ್ತೆ ಕೇಳಿ ತರಿಸಿಕೊಳ್ಳುತ್ತೆ. ಎಲ್ಲ ಕೂಡಿಸಿಟ್ಟುಕೊಂಡು ಆಮೇಲೆ ತನ್ನ ಗಡಿಯಾರದ ಲೆಕ್ಕಕ್ಕೆ ಬಿಡುತ್ತೆ. ಗಡಿಯಾರ ಚೆನ್ನಾಗಿರಬೇಕು, ಒಪ್ಕೋತೀನಿ. ಡ್ಯಾಕ್ ಚೆನ್ನಾಗಿರಬೇಕು, ಅಂಕಿಯನ್ನ ಸದ್ದು ಮಾಡೋದು ಅದೇ. ವೈರಿಗೇನು ಬಂತು?"

"ಗೊಂಯ್‌ಗುಡೋದು ವೈರಿಂದ ಬರಬಹುದು" ಅಂದರು ಶೇಷಣ್ಣ. "ಅರ್ಥಿಂಗ್ ಸರಿ ಇಲ್ಲದಿದ್ರೆ."

"ಆಗ ವೈರೇ ಬೇಡ, ವೈಫೈ ಹಾಕಿ. ಗಾಳಿಯಲ್ಲಿ ಅರ್ಥಿಂಗ್ ಎಲ್ಲಿಂದ?"

ಸೀನ ಮಾತು ತಿರುಗಿಸಿ ತನ್ನ ಪೆಟ್ಟಿಗೆ 24 ಬಿಟ್ 192 ಕಿಲೋಹರ್ಟ್ಸ್ ನುಡಿಸುತ್ತದೆ ಅಂದ. ಡಬ್ಬಿಯೂ ನುಡಿಸುತ್ತದೆ ಅಂದ ನಾಗ. ಶೇಷಣ್ಣ ಬೆರಳು ಮಡಿಸುತ್ತಾ ಲೆಕ್ಕ ಹೇಳಿದರು. ಬಿಟ್ ಅಂದರೆ ಒಂದೊಂದು ಅಳತೆಯ ನವಿರು; 192 ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆದದ್ದು. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೆದಿಟ್ಟಿರುತ್ತಾರೆ. ಅದರ ಅರ್ಧದವರೆಗಿನ ಕಂಪನ, ಅಂದರೆ 20,000 ಹರ್ಟ್ಸ್ ದಾಟಿ ಎಲ್ಲ ಅದರಲ್ಲಿ ಬಂತು. ಎಳೆ ಮಕ್ಕಳ ಕಿವಿಯೂ 20,000ಕ್ಕೇ ನಿಲ್ಲುತ್ತದೆ. "ನಮ್ಮ ವಯಸ್ಸಿಗೆ 12,000 ಕೇಳಿದ್ರೆ ಪುಣ್ಯ. ಮಿಕ್ಕಿದ್ದು ನೀನು ನಿನ್ನ ನಾಯಿಗೆ ಕೊಡಿಸ್ತಾ ಇದ್ದೀಯ."

"ನಮ್ಮನೇಲಿ ನಾಯಿ ಇಲ್ಲ."

"ಹಾಗಾದ್ರೆ ಪಕ್ಕದ ಮನೆಯವರ ನಾಯಿಗೆ."

ಅದಿರಲಿ, ಸೀನ ಕೇಳುವುದಾದರೂ ಏನು? ಹೊರದೇಶದ ವಿಮರ್ಶಕರೆಲ್ಲ ಇಂಥ ಪೆಟ್ಟಿಗೆಯಲ್ಲಿ ಟೈಡಲ್ ಕೇಳಿ, ಕೋಬಝ್ ಕೇಳಿ ಅಂತ ಬರೆಯುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹಾಡು ಕೊಡುವ ಆ ಎರಡೂ ಸೇವೆಗಳು ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದಿಲ್ಲ. ಆಪಲ್ ಮ್ಯೂಸಿಕ್ 2021ರಿಂದ ಹಿಂಡದ ಹಾಡು ಕೊಡುತ್ತಿದೆ, ಆದರೆ ದೊಡ್ಡ ದೊಡ್ಡ ಪೆಟ್ಟಿಗೆಗಳೊಳಗೆ ಅದು ನೇರವಾಗಿ ಕೂರುವುದು ಅಪರೂಪ. ಮತ್ತೆ ಫೋನಿನ ಮೂಲಕವೇ ಬರಬೇಕು. ಉಳಿದದ್ದು ಸೀನನ ಹಾರ್ಡ್ ಡಿಸ್ಕು. ಅದರಲ್ಲಿ ಹೆಚ್ಚಾಗಿ ಇರುವುದು ಅವನ ಅಪ್ಪ ಧಾರವಾಡ, ಬೆಂಗಳೂರು ಆಕಾಶವಾಣಿಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಸಂಗೀತ. ಎಲ್ಲ ಮೋನೊ, ಎರಡು ಸ್ಪೀಕರಿಗೂ ಒಂದೇ ಸದ್ದು. ಅದನ್ನು ಸೀನ 24 ಬಿಟ್‌ನಲ್ಲಿ ಕಂಪ್ಯೂಟರಿಗೆ ತುಂಬಿಸಿದ್ದಾನೆ.

"ಸರಿ, ಪರೀಕ್ಷೆ ಮಾಡೋಣ" ಅಂದ ನಾಗ. ನಮ್ಮ ಮೂವರ ಕಣ್ಣಿಗೂ ಟವೆಲ್ ಕಟ್ಟಿದ. ಒಂದೇ ಹಾಡನ್ನು ಒಮ್ಮೆ ಪೆಟ್ಟಿಗೆಯಲ್ಲಿ, ಒಮ್ಮೆ ಡಬ್ಬಿಯಲ್ಲಿ ಹಾಕಿದ. ಯಾವುದು ಯಾವುದು ಅಂತ ಹೇಳಲಿಲ್ಲ.

ಮೊದಲನೆಯದೇ ಚೆನ್ನ ಅಂದೆವು ಮೂವರೂ. "ತಂಬೂರಿ ತಂತಿ ಕಣ್ಣಿಗೆ ಕಾಣುತ್ತೆ!" ಅಂದ ಸೀನ, ಕಣ್ಣಿಗೆ ಟವೆಲ್ ಇದ್ದರೂ. ಶೇಷಣ್ಣನಿಗೆ ಅನುಮಾನ ಬಂತು. ಟವೆಲ್ ಬಿಚ್ಚಿ, ಫೋನಿನಲ್ಲಿ ಸದ್ದು ಅಳೆದು ನೋಡಿದರು. ಮೊದಲನೆಯದು ಒಂದು ಡೆಸಿಬೆಲ್ ಜೋರಾಗಿತ್ತು. "ಇದೇ ನೋಡಿ ಮೋಸ. ಇಷ್ಟು ಸಣ್ಣ ಜೋರನ್ನ ಕಿವಿ ಜೋರು ಅನ್ನಲ್ಲ, ಚೆನ್ನಾಗಿದೆ ಅನ್ನುತ್ತೆ. ಎರಡನ್ನೂ ಸಮ ಮಾಡು."

ಸಮ ಮಾಡಿದ. ಈ ಸಲ ಎರಡನೆಯದು ಚೆನ್ನ. ಎಷ್ಟು ಶಾಂತ! ಹಾಡಿನ ಹಿಂದೆ ಕತ್ತಲೆ ಕೂತ ಹಾಗಿದೆ ಅಂದ ಸೀನ.

"ಸೆಖೆ ಇಲ್ಲ ಅಂತ ನಾನೇ ಫ್ಯಾನ್ ಆರಿಸಿದೆ" ಅಂದಳು ಅತ್ತಿಗೆ.

ಮೂರನೆಯ ಸಲ ಫ್ಯಾನ್ ಇಲ್ಲ, ಜೋರು ಸಮ. ನಾನು ಪೆಟ್ಟಿಗೆ ಅಂದೆ, ಶೇಷಣ್ಣ ಡಬ್ಬಿ ಅಂದರು. ಸೀನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಆಲಾಪದ ಮಧ್ಯೆ ಸಣ್ಣಗೆ ಒಂದು ಶಿಳ್ಳೆ ಕೇಳಿಸಿತು. ಸೀನ ಪಟ್ಟನೆ, "ಕೇಳಿದ್ರಾ? ಈ ಸೂಕ್ಷ್ಮ ಡಬ್ಬಿಯಲ್ಲಿ ಬರುತ್ತಾ?" ಅಂದ.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಅದು ನಮ್ಮತ್ತೆ ಕುಕ್ಕರು ಕಣ್ರೀ. ರೇಡಿಯೋ ಪಕ್ಕದಲ್ಲೇ ಒಲೆ ಇತ್ತು. ಇನ್ನೆರಡು ಶಿಳ್ಳೆ ಬರುತ್ತೆ ನೋಡಿ." ಬಂತು. ನುಡಿಸುತ್ತಿದ್ದದ್ದು ಡಬ್ಬಿ.

ಸೀನನ ಹತ್ತಿರ ಕೊನೆಯ ಅಸ್ತ್ರ ಒಂದಿತ್ತು: ಪೆಟ್ಟಿಗೆಯ ಮುಂದಿನ ಸ್ಕ್ರೀನು. ದೂರದಿಂದಲೂ ಹಾಡಿನ ಹೆಸರು ಕಾಣುತ್ತದೆ, ಡಬ್ಬಿಗೆ ಮುಖವೇ ಇಲ್ಲ. ಅವನಿಗೆ ಕನ್ನಡದ ಮೇಲೆ ಪ್ರೀತಿ ಜಾಸ್ತಿ. ರಾಗದ ಹೆಸರು, ಹಾಡಿದವರ ಹೆಸರು ಎಲ್ಲ ಕನ್ನಡದಲ್ಲೇ ಟೈಪು ಮಾಡಿಟ್ಟಿದ್ದಾನೆ. ಗುಂಡಿ ಒತ್ತಿದ. ಸ್ಕ್ರೀನು ಬೆಳಗಿತು. ಅಕ್ಷರ ಇರಬೇಕಾದ ಜಾಗದಲ್ಲಿ ಸಾಲಾಗಿ ಚೌಕ, ಚೌಕ, ಚೌಕ.

"ಇದೇನ್ರೀ, ಚೌಕಾಬಾರದ ಮನೆ ಬರೆದ ಹಾಗಿದೆ! ಕವಡೆನೂ ಅವರೇ ಕೊಡ್ತಾರಾ?" ಅಂದಳು ಅತ್ತಿಗೆ.

ಯಾರೂ ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸೀನನಿಗೆ ಮಾತ್ರ ನಿಜವಾಗಿ ನೋವಾಯಿತು. 3 ಲಕ್ಷ ಕೊಟ್ಟರೂ ಕನ್ನಡ ಓದಲು ಬಾರದು! ಇಂಗ್ಲಿಷಿನಲ್ಲಿ ಬರೆದಿದ್ದರೆ ಸರಿಹೋಗುತ್ತಿತ್ತೇ? ಅದೂ ಇಲ್ಲ. ಸಿಡಿಯಿಂದ ತುಂಬಿಸಿದ, ಯಾರ್ಯಾರೋ ಇಂಗ್ಲಿಷಿನಲ್ಲಿ ಹೆಸರು ಬರೆದಿಟ್ಟ ಹಾಡುಗಳನ್ನು ತೆಗೆದು ನೋಡಿದೆವು. ಮನ್ಸೂರರ ಹೆಸರಿಗೆ ಒಬ್ಬ ಯು ಹಾಕಿದ್ದಾನೆ, ಒಬ್ಬ ಎರಡು ಓ ಹಾಕಿದ್ದಾನೆ, ಒಬ್ಬ ಹಿಂದೆ ಪಂಡಿತ್ ಸೇರಿಸಿದ್ದಾನೆ, ಒಬ್ಬ ಪಂಡಿತನ್ನು ಕೊನೆಗೆ ತಳ್ಳಿದ್ದಾನೆ. ಪೆಟ್ಟಿಗೆಯ ಲೆಕ್ಕದಲ್ಲಿ ನಾಲ್ಕು ಜನ ಮನ್ಸೂರ್. ಒಂದೇ ರಾಗವನ್ನು ಎರಡು ಟ್ರ್ಯಾಕ್ ಮಾಡಿದ ಕಡೆ, ನಿಧಾನದ ವಿಲಂಬಿತ ಮುಗಿದು ವೇಗದ ದ್ರುತ್ ಹಿಡಿಯುವ ಗಳಿಗೆಗೆ ಸರಿಯಾಗಿ ಅರ್ಧ ಸೆಕೆಂಡು ಮೌನ. ಗಾಯಕರು ಹಲಗೆ ತಪ್ಪಿ ಬಿದ್ದ ಹಾಗೆ. ಡಬ್ಬಿಯಲ್ಲಿ ಆ ಮೌನ ಇರಲಿಲ್ಲ. ನನ್ನನ್ನು ಕೇಳಿದರೆ ಪೆಟ್ಟಿಗೆ ಕೊಳ್ಳುವ ಮುಂಚೆ ನೋಡಬೇಕಾದದ್ದು ಇಷ್ಟೇ. ನಮ್ಮದೇ ಹಾಡು ತುಂಬಿಸಿಕೊಂಡು ಹೋಗಿ, ಅರ್ಧ ನಿಮಿಷದಲ್ಲಿ ಹುಡುಕಲು ಆಗುತ್ತದಾ, ಎರಡು ಟ್ರ್ಯಾಕಿನ ಮಧ್ಯೆ ಎಡವುತ್ತದಾ ಅಂತ. ಬಿಟ್, ಕಿಲೋಹರ್ಟ್ಸ್ ಎಲ್ಲ ಆಮೇಲೆ.

ನಾಗ ಸಮಾಧಾನ ಮಾಡಿದ. "ನೋಡೋ, ಈ ಪೆಟ್ಟಿಗೆಯೊಳಗೆ ಎರಡು ಪ್ರಾಣಿ ಇವೆ. ಡ್ಯಾಕ್ ಒಂದು, ಅದು ಹದಿನೈದು ವರ್ಷ ಬಾಳುತ್ತೆ. ಕಂಪ್ಯೂಟರ್ ಒಂದು, ಅದು ಫೋನಿನ ಹಾಗೆ ಬೇಗ ಮುದಿಯಾಗುತ್ತೆ. ಎರಡನ್ನೂ ಬೇರೆ ಬೇರೆ ತಗೋ. ಒಳ್ಳೆ ಡ್ಯಾಕ್, ಜತೆಗೆ ಹಾಡು ತರೋಕೆ ಒಂದು ಅಗ್ಗದ ಪೆಟ್ಟಿಗೆ. ಎಂಕ್ಯೂಎ ಅಂತ 2014ರಲ್ಲಿ ಬಂತಲ್ಲ, ಹಾಡನ್ನ ಮಡಿಚಿ ಕಳಿಸೋ ವಿದ್ಯೆ? ಅದಕ್ಕೇ ಅಂತ ಪೆಟ್ಟಿಗೆ ಕೊಂಡವರಿದ್ದಾರೆ. 2023ರಲ್ಲಿ ಕಂಪನಿಯೇ ದಿವಾಳಿ ಅಂಚಿಗೆ ಬಂತು. ಸ್ಕ್ವೀಜ್‌ಬಾಕ್ಸ್ ಅಂತ ಇಂಥದ್ದೇ ಒಂದು ಪ್ಲೇಯರ್ ಇತ್ತು, 2012ರಲ್ಲಿ ಮಾಡೋದು ನಿಲ್ಲಿಸಿದ್ರು. ಅದರ ತಂತ್ರಾಂಶ ಯಾರು ಬೇಕಾದ್ರೂ ತಿದ್ದೋ ಹಾಗೆ ತೆರೆದಿಟ್ಟಿತ್ತು, ಬಳಸೋ ಜನವೇ ಇವತ್ತಿಗೂ ಜೀವ ಇಟ್ಟಿದ್ದಾರೆ."

"ನಮ್ಮ ವಾಲ್ವ್ ರೇಡಿಯೋಗೆ ಅಪ್‌ಡೇಟೇ ಬೇಕಿರಲಿಲ್ಲ" ಅಂದರು ಶೇಷಣ್ಣ. ಆಮೇಲೆ ಎದ್ದು ಹಾಲಿನ ಮಧ್ಯೆ ನಿಂತು ಟಪ್ ಅಂತ ಒಂದು ಚಪ್ಪಾಳೆ ತಟ್ಟಿದರು. ಹಾಲು ಟ್ರ್‌ರ್‌ರ್ ಅಂತ ಉತ್ತರ ಕೊಟ್ಟಿತು. "ಕೇಳಿದ್ರಾ? ಕಾಯಿಲೆ ಇಲ್ಲಿದೆ. ನೆಲಕ್ಕೆ ಟೈಲ್ಸು, ಗೋಡೆಗೆ ಗಾಜಿನ ಶೋಕೇಸು. ಸ್ಪೀಕರನ್ನ ಮೂಲೆಗೆ ಒತ್ತಿ, ಮೇಲೆ ಗಣಪತಿ ಕೂರಿಸಿದ್ದೀಯ. ಬಾಸ್ ಎಲ್ಲ ಮೂಲೆಯಲ್ಲಿ ಗುಮ್ಮುತ್ತೆ, ಮಿಕ್ಕಿದ್ದು ನೆಲದಿಂದ ಪುಟಿಯುತ್ತೆ. ಸ್ಟುಡಿಯೋದಲ್ಲಿ ನಾವು ಗೋಡೆಗೆ ಸುಮ್ನೆ ತೂತಿನ ಹಲಗೆ ಹೊಡೀತಿದ್ವಾ? ಸ್ಪೀಕರ್ ಎರಡು ಅಡಿ ಮುಂದಕ್ಕೆ ತಾ. ನೆಲಕ್ಕೆ ಏನಾದ್ರೂ ಹಾಸು."

"ನವಲಗುಂದದ ಜಮಖಾನ" ಅಂದಳು ಅತ್ತಿಗೆ, ಒಂದು ಉಸಿರೂ ಬಿಡದೆ. ಅವಳ ತವರು ಆ ಕಡೆ. ಹತ್ತು ವರ್ಷದಿಂದ ಕೇಳುತ್ತಿದ್ದಳಂತೆ.

"ಅದರ ಕೆಳಗೆ ಒಂದು ಕಂಬಳಿನೂ ಹಾಸಮ್ಮ. ಜಮಖಾನ ಒಂದೇ ತೆಳ್ಳಗಾಗುತ್ತೆ" ಅಂದರು ಶೇಷಣ್ಣ. ಅವತ್ತು ಅವರಿಗೆ ಎರಡನೇ ಸಲ ಕಾಫಿ ಸಿಕ್ಕಿತು. ನಮಗೆ ಸಿಗಲಿಲ್ಲ.

ಪೆಟ್ಟಿಗೆ ಸೋಮವಾರ ಅಂಗಡಿಗೆ ವಾಪಸು ಹೋಯಿತು. ಮೂರು ವಾರ ಬಿಟ್ಟು ನಾವು ಮತ್ತೆ ಹೋದಾಗ ಹಾಲು ಗುರುತೇ ಸಿಗುತ್ತಿರಲಿಲ್ಲ. ಕೆಂಪು ಜಮಖಾನ, ದಪ್ಪ ಕರ್ಟನ್ನು, ಗಣಪತಿ ಶೋಕೇಸಿನಲ್ಲಿ. ಒಂದು ಡ್ಯಾಕ್, ಪಕ್ಕದಲ್ಲಿ ಸ್ಕ್ರೀನೇ ಇಲ್ಲದ 16 ಸಾವಿರದ ಸಣ್ಣ ಪ್ಲೇಯರ್. ಹಾಡು ಹಾಕಿದ. ಸುಳ್ಳು ಹೇಳಬಾರದು, ಮೈ ಝುಮ್ಮೆಂದಿತು. ಮನ್ಸೂರರು ಕೋಣೆಯಲ್ಲೇ ಕೂತಿದ್ದರು, ಕುಕ್ಕರು ಅವರ ಹಿಂದೆ ಒಲೆಯ ಮೇಲಿತ್ತು.

"ಗೊತ್ತಾಯ್ತಾ ಯಾಕೆ ಅಂತ?" ಸೀನ ಅಡುಗೆಮನೆ ಕಡೆ ಒಮ್ಮೆ ನೋಡಿ, ಪ್ಲೇಯರಿನ ಹಿಂದೆ ಕೈ ತೋರಿಸಿದ. ಕೇರೆ ಹಾವಿನ ದಪ್ಪದ ನೇರಳೆ ಬಣ್ಣದ ಈಥರ್‌ನೆಟ್ ಕೇಬಲ್ಲು ಇಳಿದು ಜಮಖಾನದ ಕೆಳಗೆ ಹೋಗಿತ್ತು. "22 ಸಾವಿರ. ಯಾರಿಗೂ ಹೇಳಬೇಡಿ. ಹಾಕಿದ ದಿನದಿಂದ ಹಾಡೇ ಬೇರೆ."

ನಾಗ ಏನೂ ಮಾತಾಡಲಿಲ್ಲ. ಮೊಣಕಾಲೂರಿ ಜಮಖಾನದ ಅಂಚು ಎತ್ತಿದ, ಕಂಬಳಿ ಎತ್ತಿದ, ಕೇಬಲ್ ಹಿಡಿದುಕೊಂಡು ಹೋದ. ರೌಟರ್ ಎದುರಿನ ಮೂಲೆಯಲ್ಲಿತ್ತು. ಕೇಬಲ್ಲು ಅಲ್ಲಿಯವರೆಗೆ ಹೋಗಿರಲಿಲ್ಲ. ಅರ್ಧ ದಾರಿಯಲ್ಲಿ, ಕಂಬಳಿಯ ಕೆಳಗೆ, ಸುರುಳಿ ಸುತ್ತಿಕೊಂಡು ಮಲಗಿತ್ತು. ಪ್ಲೇಯರ್ ತನ್ನಷ್ಟಕ್ಕೆ ತಾನು ವೈಫೈ ಹಿಡಿದು ಹಾಡುತ್ತಿತ್ತು.

ಅತ್ತಿಗೆ ಕೋಡುಬಳೆ ತಟ್ಟೆ ಹಿಡಿದು ಬಂದವಳು ನೋಡಿದಳು. "ಅದಾ? ಜಮಖಾನ ಹಾಸೋವಾಗ ಉಬ್ಬುತ್ತಿತ್ತು, ಕಿತ್ತು ಒಳಗೆ ಸೇರಿಸಿದೆ. ಎರಡು ವಾರ ಆಯ್ತು. ಯಾಕೆ, ಬೇಕಿತ್ತಾ?"

ನಾಗ ಸೀನನ ಮುಖ ನೋಡಿದ. ಸೀನ ಒಂದು ಕೋಡುಬಳೆ ತೆಗೆದುಕೊಂಡು, ನಿಧಾನವಾಗಿ ಮುರಿದು ಬಾಯಿಗೆ ಹಾಕಿಕೊಂಡ.

"ಅದಕ್ಕೇ ನಾನು ಹೇಳಿದ್ದು. ಒಳ್ಳೆ ಕೇಬಲ್ ಅಂದ್ರೆ ಹಾಕದೇ ಇದ್ರೂ ಕೆಲಸ ಮಾಡುತ್ತೆ."