ಬ್ಲಾಕ್ ಹೇಗೂ ಬಿಚ್ಚಿದೆ: 1 ಎಂಎಂ ಬೋರ್ ಮಾಡಿಸಲೋ, ಟರ್ಬೊ ಹಾಕಿಸಲೋ?

ಮಸಿಕೈ ಕೇಳಿದ್ದು:
ನನ್ನ ಹಳೇ ಕಾರಿನ ಎಂಜಿನ್ ಬಿಚ್ಚಿದ್ದೇನೆ. ನಾಲ್ಕು ಸಿಲಿಂಡರ್ ಪೆಟ್ರೋಲ್, ಎರಕದ ಕಬ್ಬಿಣದ ಬ್ಲಾಕ್, ಬೋರ್ (ಸಿಲಿಂಡರ್ ವ್ಯಾಸ) 81 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 77 ಎಂಎಂ, 1587 ಸಿಸಿ, ಕಂಪ್ರೆಷನ್ (ಒಳಗಿನ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಿಹೋಗುತ್ತದೆ ಅನ್ನೋದು) 10.3. ಎಣ್ಣೆ ಕುಡಿಯುತ್ತಿತ್ತು. ಸಿಲಿಂಡರ್ ಮೇಲ್ಗಡೆ ಉಗುರಿಗೆ ಸಿಗುವಷ್ಟು ಸವೆತ ಇದೆ. ಹಾಗಾಗಿ ಬೋರ್ ಅಂತೂ ಮಾಡಿಸಲೇಬೇಕು, ಅಂದರೆ ಸಿಲಿಂಡರ್ ಒಳಗೋಡೆ ಕೆರೆಸಿ ಅಗಲ ಮಾಡಿಸಬೇಕು. ಪಿಸ್ಟನ್ 0.50 ಎಂಎಂ ಓವರ್‌ಸೈಜ್ (ಮೂಲದ್ದಕ್ಕಿಂತ ಅಷ್ಟು ದೊಡ್ಡದು) ಸಿಗುತ್ತದೆ, 1.00 ಕೂಡ ಸಿಗುತ್ತದೆ. ಪವರ್ ಜಾಸ್ತಿ ಬರಲಿ ಅಂತ 1.00 ಮಾಡಿಸಲಾ? ಇಲ್ಲಾ ಟರ್ಬೊ (ಸೈಲೆನ್ಸರ್‌ಗೆ ಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಹಾಕಿಸಲಾ? ದಿನಾ ಕೆಲಸಕ್ಕೆ ಹೋಗೋದೂ ಇದೇ ಕಾರಲ್ಲಿ.

ಕೆಂಪುಗೆರೆ:
ಟರ್ಬೊ ಹಾಕಿಸಿ, ಯೋಚನೆ ಯಾಕೆ? 1977ರಲ್ಲಿ ರೆನೋದವರು 1.5 ಲೀಟರ್ ಟರ್ಬೊ ಹಿಡಿದುಕೊಂಡು 3 ಲೀಟರ್ ಎಂಜಿನ್‌ಗಳ ಜೊತೆ ಫಾರ್ಮುಲಾ ಒನ್ ಓಡಲಿಲ್ವಾ!

ಹಳೇಸ್ಪ್ಯಾನರ್:
ಓಡಿದರು. ಹೊಗೆ ಬಿಟ್ಟು ನಿಂತೂ ನಿಂತರು. ಆ ಕಾರಿಗೆ ಹಳದಿ ಟೀಪಾಟ್ ಅಂತಲೇ ಅಡ್ಡಹೆಸರು. ಮೊದಲ ಗೆಲುವು ಸಿಕ್ಕಿದ್ದು 1979ರಲ್ಲಿ.

ಮಸಿಕೈ ಅವರೇ, ಮೊದಲು ಲೆಕ್ಕ ನೋಡಿ. 82 ಎಂಎಂ ಮಾಡಿಸಿದರೆ ಸುಮಾರು 1627 ಸಿಸಿ. ಅಂದರೆ ಬರೀ 40 ಸಿಸಿ, ಶೇ 2.5. ನೂರು ಕುದುರೆಗೆ ಎರಡೂವರೆ ಕುದುರೆ. ಕಂಪ್ರೆಷನ್ ಕೂಡ 10.5ರ ಹತ್ತಿರ ಹೋಗುತ್ತದೆ. ನೀವು ಗಾಡಿ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ನನ್ನ ಪ್ರಕಾರ ಬೋರ್ ಮಾಡಿಸೋದು ರಿಪೇರಿ ಕೆಲಸ, ಪವರ್ ಕೆಲಸ ಅಲ್ಲ.

ಇದನ್ನು ನಾನು ಕೆಟ್ಟು ಕಲಿತವನು. ವಯಸ್ಸಿನ ಹುಮ್ಮಸ್ಸಲ್ಲಿ ಒಂದು ಬ್ಲಾಕನ್ನು 2 ಎಂಎಂ ದೊಡ್ಡದು ಮಾಡಿಸಿದ್ದೆ. ಗೋಡೆ ಎಷ್ಟು ದಪ್ಪ ಇದೆ ಅಂತ ಅಳೆಸಲಿಲ್ಲ. ಎರಕ ಹೊಯ್ಯುವಾಗ ಅಚ್ಚಿನ ತಿರುಳು ಒಂಚೂರು ಸರಿದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ಹೊರಗಿಂದ ಕಾಣುವುದಿಲ್ಲ. ನಾಲ್ಕು ತಿಂಗಳಿಗೆ ಎರಡನೇ ಸಿಲಿಂಡರ್ ಬಿರುಕು ಬಿಟ್ಟಿತು. ಕೂಲೆಂಟ್ ಒಳಗಿಳಿದು ಸೈಲೆನ್ಸರ್ ತುಂಬಾ ಬಿಳಿ ಹೊಗೆ. ಲೈನರ್ (ಸಿಲಿಂಡರ್‌ಗೆ ಹೊಸ ಒಳಕೊಳವೆ) ಹೊಡೆಸಿ ಉಳಿಸಿಕೊಂಡೆ.

ಟರ್ಬೊ ಲೆಕ್ಕವೇ ಬೇರೆ. ಅರ್ಧ ಬಾರ್ ಬೂಸ್ಟ್ (ಟರ್ಬೊ ಮೇಲಿಂದ ಸೇರಿಸುವ ಒತ್ತಡ) ಅಂದರೆ ಒಳಗೆ ಹೋಗುವ ಗಾಳಿಯ ಒತ್ತಡ ಹೊರಗಿನದರ ಒಂದೂವರೆ ಪಟ್ಟು. ಆದರೆ ಒತ್ತಿದ ಗಾಳಿ ಕಾಯುತ್ತದೆ. 27 ಡಿಗ್ರಿಯಲ್ಲಿ ಒಳಗೆ ಹೋದದ್ದು ಸುಮಾರು 80 ಡಿಗ್ರಿಯಾಗಿ ಹೊರಗೆ ಬರುತ್ತದೆ. ಬಿಸಿ ಗಾಳಿ ಹಗುರ. ಹಾಗಾಗಿ ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ರೇಡಿಯೇಟರ್) ಇಲ್ಲದಿದ್ದರೆ ಶೇ 50ರ ಬದಲು ಶೇ 27ರಷ್ಟು ಗಾಳಿ ಮಾತ್ರ ಜಾಸ್ತಿ ಸಿಗುತ್ತದೆ, ಜೊತೆಗೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಪಿಸ್ಟನ್ ಬಡಿಯೋದು) ಕಾಟ. ಇಂಟರ್‌ಕೂಲರ್ ಹಾಕದೆ ಟರ್ಬೊ ಮಾತೇ ಬೇಡ.

10.3 ಕಂಪ್ರೆಷನ್ ಇಟ್ಟುಕೊಂಡು ಬೂಸ್ಟ್ ಏರಿಸಿದರೆ ನಾಕಿಂಗ್ ಆಗಿ ಪಿಸ್ಟನ್ ಒಡೆಯಬಹುದು. ಹೇಗೂ ಪಿಸ್ಟನ್ ಬದಲಿಸುತ್ತೀರಲ್ಲ, 9ರ ಆಸುಪಾಸಿನ ಕಂಪ್ರೆಷನ್ ಕೊಡುವ ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ಮಾಡಿದ, ಗಟ್ಟಿ) ಪಿಸ್ಟನ್ ತರಿಸಿ. ರಿಂಗ್ ಗ್ಯಾಪ್ (ಪಿಸ್ಟನ್ ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ಜಾಸ್ತಿ ಬಿಡಿ. ಬೋರ್ 0.50 ಸಾಕು. ಬೂಸ್ಟ್ ತಡೆಯೋದು ದಪ್ಪ ಗೋಡೆ, ಅದನ್ನು ಸುಮ್ನೆ ಕೆರೆದು ಹಾಕಬೇಡಿ. ಮುಂದೆ ಇನ್ನೊಂದು ಸಲ ಬೋರ್ ಮಾಡಿಸೋಕೂ ಜಾಗ ಉಳಿಯುತ್ತದೆ.

ಕೆಂಪುಗೆರೆ:
ಸೂಪರ್‌ಚಾರ್ಜರ್ (ಎಂಜಿನ್ನೇ ತಿರುಗಿಸುವ ಗಾಳಿ ಪಂಪು) ಆಗಲ್ವಾ? ಲ್ಯಾಗ್ (ಆಕ್ಸಿಲರೇಟರ್ ಒತ್ತಿದ ಮೇಲೆ ಪವರ್ ತಡವಾಗಿ ಬರೋದು) ಇರಲ್ಲ.

ಹಳೇಸ್ಪ್ಯಾನರ್:
ಆಗುತ್ತದೆ. ಆದರೆ ಕ್ರ್ಯಾಂಕ್‌ನಿಂದಲೇ ಬೆಲ್ಟ್ ಎಳೆಯಬೇಕಲ್ಲ, ಸ್ವಲ್ಪ ಪವರ್ ಅದೇ ತಿನ್ನುತ್ತದೆ.

ಮಸಿಕೈ:
ಸರಿ ಸರ್, 0.50 ಮತ್ತು ಫೋರ್ಜ್ಡ್ ಅಂತ ತೀರ್ಮಾನ ಮಾಡಿದೆ. ಟರ್ಬೊ ಆರು ತಿಂಗಳ ಮೇಲೆ. ಅಲ್ಲಿಯವರೆಗೆ 9 ಕಂಪ್ರೆಷನ್‌ನಲ್ಲಿ ಗಾಡಿ ಮಂಕಾಗುತ್ತಾ? ಬ್ಲಾಕ್ ನಾಳೆ ಲೇತ್‌ಗೆ ಕೊಡುತ್ತೇನೆ.

ಹಳೇಸ್ಪ್ಯಾನರ್:
ಸ್ವಲ್ಪ ಮಂಕಾಗುತ್ತದೆ, ಓಡಿಸಬಹುದು. ಆದರೆ ಬ್ಲಾಕ್ ನಾಳೆ ಕೊಡಬೇಡಿ! ಪಿಸ್ಟನ್ ಕೈಗೆ ಬಂದ ಮೇಲೆ ಎರಡನ್ನೂ ಒಟ್ಟಿಗೆ ಕೊಡಿ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಅದನ್ನು ಅಳೆದು, ಅದರ ಕ್ಲಿಯರೆನ್ಸ್‌ಗೆ (ಗೋಡೆಗೂ ಅದಕ್ಕೂ ನಡುವೆ ಬಿಡಬೇಕಾದ ಸಂದಿಗೆ) ತಕ್ಕಂತೆ ಹೋನಿಂಗ್ (ಸಿಲಿಂಡರ್ ಗೋಡೆಯ ಕೊನೆಯ ನಯ ಉಜ್ಜು) ಮಾಡಬೇಕು.