ತಟ್ಟೆ ಇಡ್ಲಿ ಹೋಟೆಲಿಗೆ ಲೆಕ್ಕಾಚಾರ ಎಷ್ಟು ಕೆಲಸಕ್ಕೆ ಬರುತ್ತೆ? ಅನುಭವ ಇದ್ದವರು ಹೇಳಿ

ಕೇಳಿದವರು: ಕ್ಯಾತ್ಸಂದ್ರದ ಹುಡುಗಿ

ನಮ್ಮದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್. ಅಪ್ಪ ಶುರು ಮಾಡಿದ್ದು. ನಾನು ಎಂ.ಕಾಂ. ಮುಗಿಸಿ ಈಗ ಗಲ್ಲಾದಲ್ಲಿ ಕೂರ್ತಿದ್ದೀನಿ. ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್, ಆಪರೇಷನ್ಸ್ ರಿಸರ್ಚ್ ಎಲ್ಲ ಓದಿ ಪಾಸ್ ಆಗಿದ್ದೀನಿ, ಆದ್ರೆ ಅಂಗಡಿಯಲ್ಲಿ ಅದನ್ನ ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ. ಮೂರು ವಿಷಯಕ್ಕೆ ದಾರಿ ಬೇಕು. ರಾತ್ರಿ ಎಷ್ಟು ಹಿಟ್ಟು ರುಬ್ಬಬೇಕು? ಕೆಲವು ದಿನ ಹತ್ತೂವರೆಗೇ ಖಾಲಿ, ಕೆಲವು ದಿನ ಪಾತ್ರೆ ತುಂಬ ಉಳಿಯುತ್ತೆ. ಅಕ್ಕಿ ಒಂದೇ ಸಲ ಜಾಸ್ತಿ ತಂದು ಇಟ್ಕೋಬೇಕಾ, ಆಗಾಗ ತರಬೇಕಾ? ಕೊನೆಯದು, ತುಮಕೂರು ಬಸ್ ಸ್ಟ್ಯಾಂಡ್ ಕಡೆ ಒಂದು ಮಳಿಗೆ ಬಾಡಿಗೆಗೆ ಇದೆ, ಇನ್ನೊಂದು ಬ್ರಾಂಚ್ ಹಾಕೋಣ್ವಾ? ಅಪ್ಪ "ಇಷ್ಟು ವರ್ಷ ಕಣ್ಣಂದಾಜಲ್ಲೇ ನಡೆಸಿದ್ದೀನಿ, ನಿನ್ನ ಫಾರ್ಮುಲಾ ಇಡ್ಲಿ ಬೇಯಿಸುತ್ತಾ?" ಅಂತಾರೆ.

ಬೇಕರಿಯವರು, ಬಿ.ಎಚ್. ರಸ್ತೆ

ತಂಗಿ, ಹಿಟ್ಟಿನ ಪ್ರಶ್ನೆಗೆ ನಾನು ಹೇಳ್ತೀನಿ. ಪಫ್ಸ್ ಮಾಡೋರಿಗೂ ಇಡ್ಲಿ ಮಾಡೋರಿಗೂ ತಲೆನೋವು ಒಂದೇ. ಜಾಸ್ತಿ ಆದ್ರೆ ವೇಸ್ಟು, ಕಮ್ಮಿ ಆದ್ರೆ ಗಿರಾಕಿ ಪಕ್ಕದ ಅಂಗಡಿಗೆ. ನಿಮ್ಮೂರಲ್ಲಂತೂ ಪಕ್ಕದಲ್ಲೇ ಇನ್ನೊಂದು ತಟ್ಟೆ ಇಡ್ಲಿ ಹೋಟೆಲ್ ಇರುತ್ತೆ.

ಎಲ್ಲರೂ ಮಾಡೋದು ಸರಾಸರಿ ತೆಗೆಯೋದು. ಸರಾಸರಿ 310 ಇಡ್ಲಿ ಹೋದ್ರೆ 310ಕ್ಕೆ ಹಿಟ್ಟು. ಉಳಿದ್ರೆ ಆಗೋ ನಷ್ಟ, ಸಾಲದೆ ಹೋದ್ರೆ ಆಗೋ ನಷ್ಟ ಎರಡೂ ಸಮ ಇದ್ರೆ ಅದು ಹೆಚ್ಚುಕಮ್ಮಿ ಸರಿ. ಅವು ಸಮ ಇರೋದು ತೀರಾ ಅಪರೂಪ.

ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಒಂದು ರೇಟ್ ಇಟ್ಕೊಳ್ಳೋಣ. ಒಂದು ಇಡ್ಲಿ 20 ರೂಪಾಯಿ. ಹಿಟ್ಟಿನ ಖರ್ಚು 6. ಬೇಯಿಸೋ ಗ್ಯಾಸು, ಚಟ್ನಿ, ಎಲೆ ಎಲ್ಲ ಸೇರಿ 5. ಒಂದು ಇಡ್ಲಿ ಹೋದ್ರೆ ಕೈಗೆ 9 ರೂಪಾಯಿ. ಸಾಲದೆ ಹೋದ್ರೆ ಆ 9 ಹೋಯ್ತು. ಉಳಿದ್ರೆ? 11 ಹೋಗಲ್ಲ, 6 ಮಾತ್ರ ಹೋಗುತ್ತೆ. ಬೇಯಿಸದೆ ಇರೋ ಹಿಟ್ಟಿಗೆ ಗ್ಯಾಸೂ ಖರ್ಚಾಗಿಲ್ಲ, ಎಲೆಯೂ ಖರ್ಚಾಗಿಲ್ಲ. ಇದನ್ನ ಬೇರೆ ಮಾಡಿ ನೋಡದೆ ಎಷ್ಟೋ ಜನ ಅನಾವಶ್ಯಕವಾಗಿ ಹೆದರಿ ಕಮ್ಮಿ ರುಬ್ಬುತ್ತಾರೆ.

ಈಗ 9ನ್ನ 9 + 6ರಿಂದ, ಅಂದ್ರೆ 15ರಿಂದ ಭಾಗಿಸಿ. 0.6 ಬಂತು. ನೂರು ದಿನದಲ್ಲಿ ಅರವತ್ತು ದಿನಕ್ಕೆ ಸಾಲುವಷ್ಟು ರುಬ್ಬಿ, ಉಳಿದ ನಲವತ್ತು ದಿನ ಖಾಲಿಯಾದ್ರೆ ಆಗ್ಲಿ ಅಂತ ಅರ್ಥ.

ಹಳೇ ಹತ್ತು ಸೋಮವಾರದ ವ್ಯಾಪಾರ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೀರಿ. ಉದಾಹರಣೆಗೆ: 275, 280, 290, 295, 300, 310, 320, 330, 345, 360. 0.6 ಅಂದ್ರೆ ಆರನೇ ಅಂಕಿ, 310. ಇದು ಸರಾಸರಿಗೆ ಹತ್ತಿರಾನೇ ಇದೆ, ಇದಕ್ಕೆ ಇಷ್ಟೆಲ್ಲ ಬೇಕಿತ್ತಾ ಅಂತೀರಾ? ಉಳಿದ ಹಿಟ್ಟನ್ನ ಸಂಜೆ ಪಡ್ಡಿಗೆ ಹಾಕಿ ಮಾರ್ತೀರಾ ಅಂದ್ಕೊಳ್ಳಿ. ಆಗ ಉಳಿದದ್ದರ ನಷ್ಟ 6ರಿಂದ 2ಕ್ಕೆ ಇಳಿಯುತ್ತೆ. 9ನ್ನ 11ರಿಂದ ಭಾಗಿಸಿದ್ರೆ 0.82. ಈಗ ಎಂಟನೇ ಅಂಕಿ ಸಾಲದು, ಒಂಬತ್ತನೆಯದು ಬೇಕು: 345. ಒಂದು ಪಡ್ಡಿನ ಕಾವಲಿ ಇಟ್ಟಿದ್ದಕ್ಕೆ ಬೆಳಗ್ಗೆ 35 ಇಡ್ಲಿಯ ಹಿಟ್ಟು ಜಾಸ್ತಿ ರುಬ್ಬೋ ಧೈರ್ಯ ಬಂತು. ಸರಾಸರಿ ಈ ಮಾತು ಹೇಳಲ್ಲ.

ಇನ್ನೊಂದು. ಇಡ್ಲಿ ಸಿಗದೆ ಎದ್ದು ಹೋದವರು ವಡೆ, ಕಾಫಿಯನ್ನೂ ಬಿಟ್ಟು ಹೋಗ್ತಾರೆ. ಹಾಗಾಗಿ ಆ 9ಕ್ಕೆ ಕಾಫಿಯ ಲಾಭಾನೂ ಸ್ವಲ್ಪ ಸೇರಿಸಬೇಕು. ಬೆಂಗಳೂರಿಂದ ಕಾರಲ್ಲಿ ಇಡ್ಲಿಗೋಸ್ಕರವೇ ನಿಲ್ಲಿಸಿದವರು ಖಾಲಿ ಅನ್ನಿಸಿಕೊಂಡ್ರೆ ಮುಂದಿನ ಸಲ ನಿಮ್ಮ ಮುಂದೆ ಬ್ರೇಕ್ ಹಾಕ್ತಾರಾ? ಅದಕ್ಕೆ ರೂಪಾಯಿ ಕಟ್ಟೋದು ಕಷ್ಟ. ಸೊನ್ನೆ ಅಂತ ಬಿಡೋದು ಮಾತ್ರ ತಪ್ಪು.

ಪದವಿ ಕಾಲೇಜಿನ ಉಪನ್ಯಾಸಕ, ತುಮಕೂರು

ಮೇಲಿನವರು ಹೇಳಿದ್ದನ್ನ ಪುಸ್ತಕದಲ್ಲಿ ನ್ಯೂಸ್‌ವೆಂಡರ್ ಮಾದರಿ ಅಂತಾರೆ, ಪೇಪರ್ ಮಾರುವವನು ಬೆಳಗ್ಗೆ ಎಷ್ಟು ಪ್ರತಿ ತಗೋಬೇಕು ಅನ್ನೋ ಲೆಕ್ಕ. ಬೇರು ಇನ್ನೂ ಹಳೆಯದು. 1888ರಲ್ಲಿ ಎಡ್ಜ್‌ವರ್ತ್ ಅನ್ನೋ ಅರ್ಥಶಾಸ್ತ್ರಜ್ಞ, ಬ್ಯಾಂಕು ಎಷ್ಟು ನಗದು ಕೈಯಲ್ಲಿ ಇಟ್ಕೋಬೇಕು ಅಂತ ಇದೇ ತರ್ಕದಲ್ಲಿ ಕೇಳಿದ್ದ.

ಒಂದು ಎಚ್ಚರಿಕೆ ಸೇರಿಸ್ತೀನಿ. ಹತ್ತೂವರೆಗೆ ಖಾಲಿಯಾದ ದಿನ ನಿಮ್ಮ ಪುಸ್ತಕದಲ್ಲಿ 300 ಅಂತ ಇರುತ್ತೆ. ಅದು ಮಾರಿದ್ದು, ಜನ ಕೇಳಿದ್ದಲ್ಲ. ಆ 300ನ್ನೇ ನಂಬಿ ಮುಂದಿನ ವಾರ ರುಬ್ಬಿದ್ರೆ ಮತ್ತೆ ಹತ್ತೂವರೆಗೆ ಖಾಲಿ, ಮತ್ತೆ 300, ಪುಸ್ತಕ ಮಾತ್ರ "ಬೇಡಿಕೆ ಇಷ್ಟೇ" ಅಂತ ಹೇಳ್ತಾ ಇರುತ್ತೆ. ಅದಕ್ಕೇ ಖಾಲಿಯಾದ ಸಮಯ ಬರೀಬೇಕು. ಖಾಲಿಯಾಗದ ದಿನಗಳಲ್ಲಿ ಹತ್ತೂವರೆ ಒಳಗೆ ದಿನದ ವ್ಯಾಪಾರದ ಎಷ್ಟು ಪಾಲು ಆಗಿರುತ್ತೆ ನೋಡಿ. ನೂರಕ್ಕೆ 80 ಅಂತಾದ್ರೆ, ಆ 300ರ ಹಿಂದೆ ನಿಜವಾದ ಬೇಡಿಕೆ ಸುಮಾರು 375 ಇತ್ತು.

ಹಾಗೇ, ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ, ಏಪ್ರಿಲ್ 1ರ ಶಿವಕುಮಾರ ಸ್ವಾಮೀಜಿ ಜಯಂತಿ, ದೇವರಾಯನದುರ್ಗಕ್ಕೆ ಜನ ಹೋಗೋ ಭಾನುವಾರ, ಇವನ್ನೆಲ್ಲ ಮಾಮೂಲಿ ದಿನಗಳ ಜೊತೆ ಕಲೆಸಬೇಡಿ. ಬೇರೆ ಪುಟ.

ವಸಂತನರಸಾಪುರದಲ್ಲಿ ಸಣ್ಣ ಮೆಷಿನ್ ಶಾಪ್

ಅಕ್ಕಿ ಪ್ರಶ್ನೆ ನಮ್ಮ ಕಬ್ಬಿಣದ ರಾಡ್ ಪ್ರಶ್ನೆನೇ. 1913ರಲ್ಲಿ ಫೋರ್ಡ್ ಹ್ಯಾರಿಸ್ ಅನ್ನೋ ಎಂಜಿನಿಯರ್ ಬರೆದಿಟ್ಟ ಸೂತ್ರ ಇವತ್ತಿಗೂ ನಡೀತಿದೆ. ವರ್ಷಕ್ಕೆ ಬೇಕಾದದ್ದು × ಒಂದು ಸಲ ತರೋ ಖರ್ಚು × 2, ಅದನ್ನ ಒಂದು ಮೂಟೆ ವರ್ಷ ಇಟ್ಕೊಳ್ಳೋ ಖರ್ಚಿಂದ ಭಾಗಿಸಿ ವರ್ಗಮೂಲ ತೆಗೀರಿ.

ವರ್ಷಕ್ಕೆ 120 ಮೂಟೆ, ಒಂದು ಸಲ ತರೋಕೆ ಗಾಡಿ ಬಾಡಿಗೆ, ಹಮಾಲಿ 400 ರೂಪಾಯಿ, ಮೂಟೆ ಇಟ್ಟಿದ್ದಕ್ಕೆ ಬಡ್ಡಿ, ಹುಳ, ಜಾಗ ಎಲ್ಲ ಸೇರಿ ವರ್ಷಕ್ಕೆ 150 ಅಂದ್ರೆ 25 ಮೂಟೆ ಬರುತ್ತೆ. ಆದ್ರೆ 25 ಅಂತ ಪಟ್ಟು ಹಿಡೀಬೇಡಿ. 25 ತಂದ್ರೆ ವರ್ಷದ ಖರ್ಚು 3,795. 30 ತಂದ್ರೆ 3,850. 20 ತಂದ್ರೆ 3,900. ನೂರು ರೂಪಾಯಿ ವ್ಯತ್ಯಾಸಕ್ಕೆ ಯಾರು ಜಗಳ ಆಡ್ತಾರೆ? 12ಕ್ಕೆ ಇಳಿದ್ರೆ 4,900, 50ಕ್ಕೆ ಏರಿದ್ರೆ 4,710, ಅಲ್ಲಿ ಚುರುಕು ಮುಟ್ಟುತ್ತೆ. ಗಾಡಿಗೆ ಎಷ್ಟು ಹಿಡಿಯುತ್ತೋ ಅಷ್ಟು ತನ್ನಿ, 20ರಿಂದ 30ರ ಒಳಗಿದ್ರೆ ಸಾಕು. ಈ ವಿಷಯಕ್ಕೆ ಇದಕ್ಕಿಂತ ಜಾಸ್ತಿ ತಲೆ ಖರ್ಚು ಮಾಡಬೇಡಿ, ದುಡ್ಡಿರೋದು ಹಿಟ್ಟಿನ ಲೆಕ್ಕದಲ್ಲಿ.

ತಿಪಟೂರು ಕಡೆ ತೆಂಗಿನ ತೋಟದವರು

ಅಕ್ಕಿ ರೇಟು ಏರುತ್ತೆ ಅಂತ ಜಾಸ್ತಿ ತುಂಬಿಸಿಡೋ ಯೋಚನೆ ಇದ್ರೆ ಮಾತ್ರ ನಂದೊಂದು ಮಾತು. ಮೇಲಿನ ಸೂತ್ರ ರೇಟು ನಿಂತಿದ್ರೆ ಸರಿ, ಏರಿಳಿತದಲ್ಲಿ ಬೇರೆ ಲೆಕ್ಕ.

ನಾವು ಉಂಡೆ ಕೊಬ್ಬರಿಯೋರು. ಇವತ್ತು ಮಾರೋದಾ, ಕಾಯೋದಾ ಅನ್ನೋದೇ ನಮ್ಮ ಬದುಕು. ಕ್ವಿಂಟಾಲಿಗೆ 15,000 ಇದೆ ಅಂದ್ಕೊಳ್ಳಿ. ನಾಲ್ಕು ತಿಂಗಳು ಕಾದ್ರೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ, 600 ಆಯ್ತು. ಒಣಗಿ ತೂಕ ನೂರಕ್ಕೆ ಎರಡು ಇಳಿದ್ರೆ ತಕ್ಕಡಿಗೆ ಬರೋದು 98 ಕೆಜಿ. 15,600ನ್ನ 0.98ರಿಂದ ಭಾಗಿಸಿ, ಸುಮಾರು 15,920. ಅದಕ್ಕಿಂತ ಮೇಲೆ ಹೋದ್ರೆ ಮಾತ್ರ ಕಾದಿದ್ದಕ್ಕೆ ಬೆಲೆ. "ಒಂಬೈನೂರು ಏರಿದೆ ಕಣಯ್ಯ" ಅಂತ ಕುಣಿಯೋರಿಗೆ ಕೈಗೆ ಏನೂ ಸಿಕ್ಕಿರಲ್ಲ.

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇತ್ತು, ಮಾರುಕಟ್ಟೆ ಅದರ ಕೆಳಗೆ ಬಿದ್ದು ರೈತರು ಬೀದಿಗೆ ಬಂದ್ರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಹಳೇ ಐದು ವರ್ಷದ ಸರಾಸರಿ ತೆಗೆದು ಯಾರಾದ್ರೂ ಇದನ್ನ ಹೇಳೋಕೆ ಆಗ್ತಿತ್ತಾ? ಹಾಗಾಗಿ ನಾನು ಒಂದೇ ಅಂಕಿ ಊಹಿಸಲ್ಲ. ಕೆಟ್ಟದ್ದು ಎಷ್ಟು, ಮಾಮೂಲಿ ಎಷ್ಟು, ಒಳ್ಳೇದು ಎಷ್ಟು ಅಂತ ಮೂರು ಬರೀತೀನಿ. ಕೆಟ್ಟದ್ದು ಬಂದ್ರೂ ಮನೆ ಸಾಲದ ಕಂತು ಕಟ್ಟೋಕಾಗುತ್ತಾ ನೋಡ್ತೀನಿ. ಆಗಲ್ಲ ಅಂದ್ರೆ ಆ ಕಂತಿನಷ್ಟು ಮಾಲು ಇವತ್ತೇ ಮಾರ್ತೀನಿ, ಉಳಿದದ್ದನ್ನ ಕಾಯಿಸ್ತೀನಿ. ಪುಸ್ತಕದ ಪ್ರಕಾರ ಸಂಭವನೀಯತೆಯಿಂದ ಗುಣಿಸಿ ಕೂಡಿಸಬೇಕಂತೆ. ಸರಿ, ಆದ್ರೆ ಸಾಲ ಕೊಟ್ಟವನು ಸರಾಸರಿ ಕೇಳಲ್ಲ.

ಎರಡು ಕ್ಯಾಂಟೀನ್ ನಡೆಸಿದ ಅನುಭವ, ಗುಬ್ಬಿ

ಬ್ರಾಂಚ್ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಮ್ಮ. ತಿಂಗಳ ಬಾಡಿಗೆ, ಇಬ್ಬರು ಭಟ್ಟರು, ಸಪ್ಲೈಯರ್, ಕ್ಲೀನಿಂಗ್, ಕರೆಂಟು ಎಲ್ಲ ಸೇರಿ 1,20,000 ಆಗುತ್ತೆ ಅಂತಿಟ್ಕೋ. ಇಡ್ಲಿಗೆ 9 ರೂಪಾಯಿ ಉಳಿದ್ರೆ ತಿಂಗಳಿಗೆ 13,333 ಇಡ್ಲಿ, ದಿನಕ್ಕೆ ಸುಮಾರು 445. ಇಲ್ಲಿಗೆ ಎಲ್ಲರೂ ನಿಲ್ಲಿಸ್ತಾರೆ.

ಮುಂದೆ ಹೋಗು. ತುಮಕೂರಿಂದ ಕ್ಯಾತ್ಸಂದ್ರಕ್ಕೆ ಬಂದು ತಿನ್ನೋ ನಿಮ್ಮ ಹಳೇ ಗಿರಾಕಿಗಳೇ ಹೊಸ ಅಂಗಡಿಯಲ್ಲಿ ದಿನಕ್ಕೆ 100 ಇಡ್ಲಿ ತಿಂದ್ರೆ ಅದು ಹೊಸ ವ್ಯಾಪಾರ ಅಲ್ಲ, ಎಡಗೈಯಿಂದ ಬಲಗೈಗೆ. ಆಗ ಅಲ್ಲಿ 545 ಹೋದ್ರೆ ಮಾತ್ರ ಸಮ. ಅದೂ ನಿನ್ನ ಅಪ್ಪನ ಸಂಬಳ ಸೇರಿಸದೆ. ಅವರು ಎರಡು ಕಡೆ ಓಡಾಡಿದ್ರೆ ಇಲ್ಲಿನ ರುಚಿ ಹೋಗುತ್ತೆ, ಅದೂ ಖರ್ಚೇ.

ಮಳಿಗೆಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಎದುರುಗಡೆ ಟೀ ಅಂಗಡಿಯಲ್ಲಿ ಕೂತು ಎಣಿಸು. ಬೆಳಗ್ಗೆ ಏಳರಿಂದ ಹತ್ತು, ವಾರದ ದಿನ ಬೇರೆ, ಭಾನುವಾರ ಬೇರೆ. ಓಡಾಡೋ ಜನರನ್ನ ಎಣಿಸಬೇಡ, ಬಸ್ ಸ್ಟ್ಯಾಂಡ್ ಹತ್ತಿರ ಸಾವಿರಾರು ಜನ ಓಡಾಡ್ತಾರೆ, ಅವರ ಕಣ್ಣು ಬಸ್ಸಿನ ಬೋರ್ಡ್ ಮೇಲಿರುತ್ತೆ. ಅಕ್ಕಪಕ್ಕದ ಹೋಟೆಲಿಗೆ ಒಳಗೆ ಹೋದವರನ್ನ ಎಣಿಸು. ಆ ಹೋಟೆಲಿಗೇ ಅಷ್ಟು ಜನ ಹೋಗ್ತಿಲ್ಲ ಅಂದ್ರೆ ನಿನಗೆ 545 ಎಲ್ಲಿಂದ ಬರುತ್ತೆ?

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಂಕಲ್, ಪಡ್ಡಿನ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. "ಅದು ನಂಗೆ ಗೊತ್ತಿತ್ತು" ಅಂದ್ರು. ಅವರನ್ನ ಒಪ್ಪಿಸೋದು ಹೇಗೆ?

ಉಪನ್ಯಾಸಕ

ಒಪ್ಪಿಸೋಕೆ ಹೋಗಬೇಡಮ್ಮ. ನಿಜವಾಗ್ಲೂ ಅವರಿಗೆ ಗೊತ್ತಿರುತ್ತೆ. ರಾತ್ರಿ ರುಬ್ಬೋಕೆ ಮುಂಚೆ "ನಾಳೆ ಎಷ್ಟು ಹೋಗುತ್ತಪ್ಪ?" ಅಂತ ಕೇಳಿ ಒಂದು ಕಾಲಂನಲ್ಲಿ ಬರಿ. ನಿನ್ನ ಲೆಕ್ಕದ ಅಂಕಿ ಪಕ್ಕದಲ್ಲಿ. ಮಾರನೇ ದಿನ ನಿಜ ಬಂದದ್ದು ಮೂರನೇ ಕಾಲಂ. ತಿಂಗಳು ಕಳೆದ ಮೇಲೆ ಇಬ್ಬರೂ ದಿನಕ್ಕೆ ಎಷ್ಟೆಷ್ಟು ತಪ್ಪಿದ್ರಿ ಅಂತ ಕೂಡಿಸಿ ಸರಾಸರಿ ತೆಗಿ, ಜಾಸ್ತಿ ಹೇಳಿದ್ದು ಕಮ್ಮಿ ಹೇಳಿದ್ದು ಎರಡನ್ನೂ ತಪ್ಪು ಅಂತಲೇ ಎಣಿಸು, ಇಲ್ಲದಿದ್ರೆ ಒಂದಕ್ಕೊಂದು ಹೊಡೆದು ಸೊನ್ನೆ ಬರುತ್ತೆ.

ಮಾಮೂಲಿ ದಿನಗಳಲ್ಲಿ ನಿನ್ನ ಪುಸ್ತಕ ಗೆಲ್ಲಬಹುದು. ನಾಳೆ ಮುಹೂರ್ತ ಜಾಸ್ತಿ ಇದೆ, ಛತ್ರದವರೆಲ್ಲ ಈ ಕಡೆ ಬರ್ತಾರೆ, ಬಸ್ ಮುಷ್ಕರ ಇದೆ ಅನ್ನೋ ದಿನ ಅಪ್ಪ ಗೆಲ್ತಾರೆ, ಯಾಕಂದ್ರೆ ಅದು ಹಳೇ ಅಂಕಿಯಲ್ಲಿ ಇಲ್ಲ. ಎರಡನ್ನೂ ಕೂಡಿಸಿ ಅರ್ಧ ಮಾಡಿದ ನಾಲ್ಕನೇ ಕಾಲಂ ಒಂದಿಡು. ಎಷ್ಟೋ ಸಲ ಅದೇ ಇಬ್ಬರನ್ನೂ ಹಿಂದೆ ಹಾಕುತ್ತೆ.

ಬೇಕರಿಯವರು

ಒಂದು ಸೇರಿಸ್ತೀನಿ. ಅಪ್ಪ ಹೇಳೋ ಅಂಕಿ "ಎಷ್ಟು ಹೋಗುತ್ತೆ" ಅಂತ ಇರ್ಲಿ, "ಎಷ್ಟು ರುಬ್ಬೋಣ" ಅಂತ ಬೇಡ. ಹೋಟೆಲಿನವರು ರುಬ್ಬೋದನ್ನ ಹೇಳುವಾಗ ವೇಸ್ಟಿನ ಭಯ ಒಳಗೆ ಸೇರಿಸಿಯೇ ಹೇಳ್ತಾರೆ. ಎರಡೂ ಕಲಸಿದ್ರೆ ಯಾವುದು ಅಂದಾಜು, ಯಾವುದು ಭಯ ಗೊತ್ತಾಗಲ್ಲ.

ಕೇಳಿದವರು

ಸರಿ ಅಂಕಲ್. ಎಷ್ಟು ದಿನ ಬರೆದ್ರೆ ಲೆಕ್ಕ ಶುರು ಮಾಡಬಹುದು?

ಬೇಕರಿಯವರು

ವಾರದ ಒಂದೊಂದು ದಿನಕ್ಕೂ ಎಂಟ್ಹತ್ತು ಅಂಕಿ ಬೇಕು, ಸೋಮವಾರಕ್ಕೆ ಎಂಟು, ಮಂಗಳವಾರಕ್ಕೆ ಎಂಟು, ಹಾಗೆ. ಅಂದ್ರೆ ಎರಡು ತಿಂಗಳು. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಸೋಮವಾರದಿಂದ ಶುಕ್ರವಾರ ಒಂದು ಗುಂಪು, ಶನಿವಾರ ಒಂದು, ಭಾನುವಾರ ಒಂದು ಮಾಡಿ, ಎರಡೇ ವಾರಕ್ಕೆ ಮೊದಲ ಗುಂಪಿಗೆ ಹತ್ತು ಅಂಕಿ ಸಿಗುತ್ತೆ. ದಿನಕ್ಕೆ ನಾಲ್ಕೇ ವಿಷಯ: ಎಷ್ಟು ಇಡ್ಲಿಗೆ ರುಬ್ಬಿದ್ದು, ಎಷ್ಟು ಹೋಯ್ತು, ಖಾಲಿಯಾದ್ರೆ ಎಷ್ಟು ಗಂಟೆಗೆ, ಉಳಿದ್ರೆ ಏನು ಮಾಡಿದ್ರಿ. ಬೆಲೆ ಏರಿಸಿದ ದಿನ ಒಂದು ಗೆರೆ ಎಳೆದು ಕೆಳಗಿನಿಂದ ಹೊಸದಾಗಿ ಶುರು ಮಾಡಿ, ಹಳೇ ರೇಟಿನ ಅಂಕಿ ಹೊಸ ರೇಟಿಗೆ ಬರಲ್ಲ.