ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ತಮ್ಮ: [ಫೋಟೊ] "ಟ್ರೈಟನ್. ಟ್ರಯಂಫ್ ಮತ್ತು ನಾರ್ಟನ್ ಕಂಪನಿಗಳು ಸೇರಿ ತಯಾರಿಸಿದ ಅಪರೂಪದ ಬೈಕ್." ಫಾರ್ವರ್ಡ್ ಆಗಿ ಬಂತು. ಹೇಗಿದೆ ನೋಡಿ! ನಾನೂ ಇಂಥದ್ದೇ ಒಂದು ಕಟ್ಟಬೇಕು ಅಂತಿದ್ದೇನೆ. ಫ್ರೇಮ್ ಇದೆ, ಬೇರೆ ಬೈಕಿನ ಎಂಜಿನ್ ಸಿಕ್ಕಿದೆ.

ಅಕ್ಕ: ಬೆಳ್ಳಿ ಬಣ್ಣದ ಟ್ಯಾಂಕ್ ತುಂಬಾ ಚೆನ್ನಾಗಿದೆ.

ನಾನು: ಬೈಕು ಚೆಂದ ಕಣೋ, ಆದರೆ ಕೆಳಗೆ ಬರೆದಿರುವುದು ತಪ್ಪು. ಎರಡು ಕಂಪನಿಗಳು ಸೇರಿ ಮಾಡಿದ್ದಲ್ಲ ಇದು. ಟ್ರಯಂಫ್ ಕಾರ್ಖಾನೆಯಿಂದಲೂ ಬರಲಿಲ್ಲ, ನಾರ್ಟನ್ ಕಾರ್ಖಾನೆಯಿಂದಲೂ ಬರಲಿಲ್ಲ. ಇಂಗ್ಲೆಂಡಿನಲ್ಲಿ ಬೈಕ್ ಹುಚ್ಚಿನ ಹುಡುಗರು ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ, ಮನೆಯ ಶೆಡ್ಡಿನಲ್ಲಿ, ಸಣ್ಣ ವರ್ಕ್‌ಶಾಪುಗಳಲ್ಲಿ ಕಟ್ಟಿದ್ದು. ಹೆಸರನ್ನೂ ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದುಕೊಂಡರು. ಆ ಕೆಲಸವನ್ನು ಕಂಪನಿಗಳ ಲೆಕ್ಕಕ್ಕೆ ಬರೆದರೆ ನನಗೆ ಬೇಜಾರಾಗುತ್ತದೆ.

ಚಿಕ್ಕಪ್ಪ: ಯಾರು ಕಟ್ಟಿದರೇನು? ಎರಡು ಒಳ್ಳೆಯ ಬೈಕು ಬಿಚ್ಚಿ ಒಂದು ಮಾಡುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಈ ಎಂಜಿನ್ನಿಗೆ ಈ ಫ್ರೇಮ್ ಅಂತ ಕಂಪನಿಯವರು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ನಾವು ಅವರಿಗಿಂತ ಜಾಣರಾ?

ನಾನು: ಚಿಕ್ಕಪ್ಪ, ಟ್ರೈಟನ್ ಕಥೆ ಹಾಗಿಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾರ್ಟನ್‌ನ ಆ ಫ್ರೇಮಿಗೆ ಫೆದರ್‌ಬೆಡ್ ಅಂತ ಹೆಸರು, ಅಂದರೆ ಗರಿ ತುಂಬಿದ ಹಾಸಿಗೆ. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಮಾಡಿದ್ದು. 1950ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಅನ್ನುವ ಬೈಕ್ ರೇಸಿಗೆ ಇಳಿಯಿತು. ಜೆಫ್ ಡ್ಯೂಕ್ ಗೆದ್ದರು, ಮೊದಲ ಮೂರೂ ಸ್ಥಾನ ನಾರ್ಟನ್‌ಗೇ ಬಂತು. ಓಡಿಸಿ ನೋಡಿದ ರೇಸರ್ ಹೆರಾಲ್ಡ್ ಡೇನಿಯಲ್, ಗರಿಯ ಹಾಸಿಗೆ ಮೇಲೆ ಕೂತ ಹಾಗಿದೆ ಅಂದಿದ್ದಕ್ಕೆ ಆ ಹೆಸರು ನಿಂತಿತು. ಫೋಟೊ ದೊಡ್ಡದು ಮಾಡಿ ನೋಡಿ: ಎರಡು ಕೊಳವೆಗಳು ಎಂಜಿನ್ನಿನ ಎರಡೂ ಬದಿಯಲ್ಲಿ ಸುತ್ತು ಬಂದು, ಹ್ಯಾಂಡಲಿನ ಕತ್ತಿನ ಹತ್ತಿರ ಒಂದನ್ನೊಂದು ದಾಟುತ್ತವೆ. ತಿರುವಿನಲ್ಲಿ ಫ್ರೇಮ್ ತಿರುಚದೆ ಗಟ್ಟಿಯಾಗಿ ನಿಲ್ಲಲು ಅದೇ ದೊಡ್ಡ ಕಾರಣ.

ಆ ಕಾಲದಲ್ಲಿ 500 ಸಿಸಿಯ ಸಣ್ಣ ಫಾರ್ಮುಲಾ 3 ಕಾರುಗಳ ರೇಸ್ ಜೋರಾಗಿತ್ತು. ಅವರಿಗೆ ಬೇಕಾಗಿದ್ದು ಮ್ಯಾಂಕ್ಸ್ ನಾರ್ಟನ್ ಅನ್ನುವ, ಇದೇ ಫ್ರೇಮಿನ ರೇಸ್ ಬೈಕಿನ ಎಂಜಿನ್. ನಾರ್ಟನ್‌ನವರು ಎಂಜಿನ್ ಒಂದನ್ನೇ ಬಿಡಿಯಾಗಿ ಕೊಡಲಿಲ್ಲ. ಹಾಗಾಗಿ ಕಾರಿನವರು ಇಡೀ ಬೈಕ್ ಕೊಂಡು, ಎಂಜಿನ್ ಎತ್ತಿಕೊಂಡು, ಉಳಿದದ್ದನ್ನು ಮಾರಿಬಿಟ್ಟರು. ಜಗತ್ತಿನ ಅತಿ ಒಳ್ಳೆಯ ಫ್ರೇಮ್ ಎಂಜಿನ್ ಇಲ್ಲದೆ ಮೂಲೆಯಲ್ಲಿ ನಿಂತಿತ್ತು. ಅದಕ್ಕೆ ಜೀವ ಕೊಟ್ಟವರನ್ನು ಹಾಳು ಮಾಡಿದವರು ಅಂತ ಹೇಗೆ ಅನ್ನುತ್ತೀರಿ?

ಚಿಕ್ಕಪ್ಪ: ಇದು ಗೊತ್ತಿರಲಿಲ್ಲ. ಆದರೆ ಎಲ್ಲರೂ ಉಳಿದ ಫ್ರೇಮನ್ನೇ ತೆಗೆದುಕೊಂಡರಾ? ಚೆನ್ನಾಗಿದ್ದ ಬೈಕನ್ನು ಬಿಚ್ಚಿದವರೂ ಇದ್ದಿರಬೇಕಲ್ಲ.

ನಾನು: ಇದ್ದರು. 1952ರಿಂದ ಡಾಮಿನೇಟರ್ ಅನ್ನುವ ರಸ್ತೆ ಬೈಕಿಗೂ ಇದೇ ವಿನ್ಯಾಸದ ಫ್ರೇಮ್ ಬಂತು. ಅವನ್ನೂ ಬಿಚ್ಚಿದರು. ಈಗ ಪೂರ್ತಿ ಇರುವ ಹಳೆಯ ಬೈಕನ್ನು ಬಿಚ್ಚಬಾರದು ಅನ್ನುವುದಾದರೆ ನಾನು ನಿಮ್ಮ ಕಡೆಯೇ. ಆದರೆ ಕಂಪನಿ ಕೊಟ್ಟ ಜೋಡಿಯೇ ಯಾವಾಗಲೂ ಸರಿ ಅನ್ನುವುದನ್ನು ಒಪ್ಪುವುದಿಲ್ಲ. 1959ರಲ್ಲಿ ಬಂದ ಟ್ರಯಂಫ್ ಬಾನೆವಿಲ್ ಎಂಜಿನ್ 649 ಸಿಸಿ, 46 ಅಶ್ವಶಕ್ತಿ. ಓಟ ಬೇಕಾದವರಿಗೆ ಆ ಎಂಜಿನ್ ಬೇಕು, ತಿರುವಿನಲ್ಲಿ ನಂಬಿಕೆ ಬೇಕಾದವರಿಗೆ ನಾರ್ಟನ್ ಫ್ರೇಮ್ ಬೇಕು. ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಅಷ್ಟೇ. 1965ರಲ್ಲಿ ಬಾರ್ಸಿಲೋನಾದ 24 ಗಂಟೆ ರೇಸನ್ನು ಡೇವ್ ಡೀಗನ್ಸ್ ಮತ್ತು ರೆಕ್ಸ್ ಬುಚರ್ ಗೆದ್ದದ್ದು ಟ್ರೈಟನ್ ಮೇಲೆ. ಡೀಗನ್ಸ್ ತಾವೇ ಕಟ್ಟಿದ ಬೈಕು ಅದು. ಒಂದು ದಿನ ಒಂದು ರಾತ್ರಿ ಬಿಡದೆ ಓಡಿತು.

ತಮ್ಮ: ಅದಕ್ಕೇ ಹೇಳಿದ್ದು ಅಣ್ಣ! ನನ್ನದು ಇನ್ನೂ ಸುಲಭ. ಎಂಜಿನ್ ಅಳತೆ ನೋಡಿದೆ, ಫ್ರೇಮಿನೊಳಗೆ ಕೂರುತ್ತದೆ. ಹಳೆ ಬ್ರಾಕೆಟ್ ಕತ್ತರಿಸಿ ಹೊಸದು ವೆಲ್ಡ್ ಮಾಡಿದರೆ ಆಯಿತು, ಎರಡು ದಿನದ ಕೆಲಸ.

ಮಾವ: ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎರಡು ದಿನ ಅಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಎಂಜಿನ್ ಬದಲಿಸಿದ ಬೈಕೊಂದು ಬಂದಿತ್ತು. ಎಂಜಿನ್ ಸದ್ದು ಮಾಡುತ್ತದೆ ಅಂತ ದೂರು. ಒರೆಸಿ ನೋಡಿದರೆ, ಕೆಳಗಿನ ಬ್ರಾಕೆಟ್ಟಿನ ವೆಲ್ಡ್ ಪಕ್ಕದಲ್ಲೇ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ. ಬಣ್ಣ ಹೋದ ಗೀರು ಅಂದುಕೊಂಡೆ. ಬೋಲ್ಟ್ ಬಿಚ್ಚಿದ ಕೂಡಲೇ ಬ್ರಾಕೆಟ್ ಕೈಗೇ ಬಂತು. ಬಿರುಕಿನೊಳಗೆ ತುಕ್ಕು ಹಿಡಿದಿತ್ತು. ಅಂದರೆ ಬಹಳ ದಿನಗಳಿಂದ ಹಾಗೇ ಓಡಿಸಿದ್ದರು. ಆ ಗೆರೆ ಈಗಲೂ ನನ್ನ ಕಣ್ಣ ಮುಂದಿದೆ.

ಅಕ್ಕ: ಅಯ್ಯೋ ದೇವರೇ.

ಮಾವ: ಅದಕ್ಕೇ ಹೇಳುವುದು, ಫ್ರೇಮಿನ ಕೊಳವೆ ಮುಟ್ಟಬೇಡ. ಟ್ರೈಟನ್ ಕಟ್ಟಿದವರು ಏನು ಮಾಡಿದರು ನೋಡು. ಫ್ರೇಮ್ ಮತ್ತು ಎಂಜಿನ್ ನಡುವೆ ದಪ್ಪ ಪ್ಲೇಟ್ ಕೊಯ್ದು, ಬೋಲ್ಟ್ ಹಾಕಿ ಕೂರಿಸಿದರು. ಎಂಜಿನ್ ಪ್ಲೇಟ್ ಅನ್ನುತ್ತಾರೆ. ತಪ್ಪಿದರೆ ಪ್ಲೇಟ್ ಹೋಗುತ್ತದೆ, ಫ್ರೇಮ್ ಉಳಿಯುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡು.

ಮತ್ತೆ, ಕೂರುತ್ತದೆ ಅನ್ನುವುದು ಅಳತೆಯೇ ಅಲ್ಲ. ಮೊದಲು ಹಿಂದಿನ ಚಕ್ರವನ್ನು ಮುಂದಿನ ಚಕ್ರದ ನೇರಕ್ಕೆ ನಿಲ್ಲಿಸು. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರ) ಮುಖಕ್ಕೆ ಒಂದು ನೇರ ಪಟ್ಟಿ ಒತ್ತಿ ಹಿಡಿ. ಪಟ್ಟಿ ಎಲ್ಲಿಗೆ ಹೋಗುತ್ತದೋ ಗೇರ್‌ಬಾಕ್ಸ್ ಸ್ಪ್ರಾಕೆಟ್ ಅಲ್ಲಿಗೇ ಬರಬೇಕು. ಎಂಜಿನ್ ಎಲ್ಲಿರಬೇಕು ಅಂತ ಹೇಳುವುದು ಆ ಚೈನ್ ಲೈನ್, ಫ್ರೇಮಿನೊಳಗಿನ ಖಾಲಿ ಜಾಗ ಅಲ್ಲ.

ತಮ್ಮ: ಸ್ವಲ್ಪ ಆಚೀಚೆ ಆದರೆ ಏನಾಗುತ್ತದೆ ಮಾವ?

ಮಾವ: ಸ್ಪ್ರಾಕೆಟ್ ಹಲ್ಲು ಒಂದೇ ಬದಿ ಸವೆಯುತ್ತದೆ. ಜಾಸ್ತಿ ಆದರೆ ಚೈನ್ ಹಾರುತ್ತದೆ. ಇನ್ನೊಂದು, ಎಂಜಿನ್ ತೀರಾ ಮುಂದೆ ಹೋದರೆ ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿಗೂ ಸ್ವಿಂಗ್‌ಆರ್ಮ್ ಪಿವಟ್‌ಗೂ (ಹಿಂದಿನ ಚಕ್ರ ಹಿಡಿದ ತೋಳು ಫ್ರೇಮಿಗೆ ಸೇರುವ ಕೀಲು) ದೂರ ಹೆಚ್ಚುತ್ತದೆ. ಆಗ ಗುಂಡಿಗೆ ಇಳಿದಾಗ, ಎದ್ದಾಗ ಚೈನಿನ ಬಿಗಿತ ಜಾಸ್ತಿ ಬದಲಾಗುತ್ತದೆ. ಸ್ಪ್ರಾಕೆಟ್, ಪಿವಟ್, ಚಕ್ರದ ಆಕ್ಸಲ್ ಮೂರೂ ಒಂದೇ ನೇರಕ್ಕೆ ಬಂದಾಗ ಚೈನ್ ಅತಿ ಬಿಗಿ. ಸಡಿಲ ಎಷ್ಟಿದೆ ಅಂತ ಅಲ್ಲಿ ನೋಡಬೇಕು.

ನಾನು: ಇದನ್ನೇ ನಾನು ಹೇಳಬೇಕು ಅಂತಿದ್ದದ್ದು. ಟ್ರೈಟನ್ ನೋಡಿ ಜನ ಟ್ಯಾಂಕ್ ಹೊಗಳುತ್ತಾರೆ. ನನಗೆ ಕಣ್ಣು ಹೋಗುವುದು ಆ ಪ್ಲೇಟುಗಳ ಮೇಲೆ. ಎರಡು ಕಂಪನಿಗಳ ಅಳತೆಗಳು ಸೇರುವ ಜಾಗ ಅದೊಂದೇ. ಟ್ರಯಂಫ್ ಟ್ವಿನ್ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಆ ನಡುಕವೆಲ್ಲ ಬರುವುದು ಈ ಬೋಲ್ಟುಗಳಿಗೆ. ಅದಕ್ಕೇ ಸಿಲಿಂಡರ್ ಹೆಡ್ಡಿನಿಂದ ಮೇಲಿನ ಫ್ರೇಮಿಗೂ ಒಂದು ಪಟ್ಟಿ ಕೊಡುತ್ತಾರೆ. ಹೆಡ್ ಸ್ಟೆಡಿ ಅಂತ. ನೋಡಲು ಚಿಕ್ಕದು, ಅದು ಬಿಟ್ಟರೆ ಮಾವ ಕಂಡ ಆ ಕಂದು ಗೆರೆ ಬೇಗ ಬರುತ್ತದೆ.

ಚಿಕ್ಕಪ್ಪ: ಇಷ್ಟೆಲ್ಲಾ ನೋಡಿ ಮಾಡುವುದಾದರೆ ನನ್ನ ವಿರೋಧ ಕಡಿಮೆ. ಆದರೂ ಪೂರ್ತಿ ಇರುವ ಬೈಕು ಬಿಚ್ಚಬೇಡ. ನಿನ್ನ ಎಂಜಿನ್ ಯಾವುದರಿಂದ ಬಂತು?

ತಮ್ಮ: ಮುಂಭಾಗ ಅಪ್ಪಚ್ಚಿಯಾದ ಬೈಕಿನದು ಚಿಕ್ಕಪ್ಪ. ಅದರ ಫ್ರೇಮ್ ಬಗ್ಗಿಹೋಗಿದೆ.

ಚಿಕ್ಕಪ್ಪ: ಹಾಗಾದರೆ ಸರಿ.

ಅಕ್ಕ: ಬ್ರೇಕ್ ಬಗ್ಗೆ ಯಾರೂ ಮಾತಾಡಲಿಲ್ಲ! ಎಂಜಿನ್ ದೊಡ್ಡದಾದರೆ ಹಳೆ ಬ್ರೇಕ್ ಸಾಕಾ? ಮತ್ತೆ ಎಂಜಿನ್ ನಂಬರ್ ಒಂದು, ಚಾಸಿ ನಂಬರ್ ಇನ್ನೊಂದು. ನೋಂದಣಿ ಆಗುತ್ತದಾ, ವಿಮೆ ಕೊಡುತ್ತಾರಾ ಅಂತ ಕೆಲಸ ಶುರು ಮಾಡುವ ಮೊದಲೇ ಕೇಳು. ಕಟ್ಟಿದ ಮೇಲೆ ರಸ್ತೆಗೆ ತರಲಾಗದಿದ್ದರೆ ನಿನಗೇ ಸಂಕಟ.

ತಮ್ಮ: ಕೇಳುತ್ತೇನೆ ಅಕ್ಕ. ಬ್ರೇಕನ್ನೂ ಕೆಲಸದ ಪಟ್ಟಿಗೆ ಸೇರಿಸಿದೆ.

ನಾನು: ಇನ್ನೊಂದು ಮಾತು. ಎಂಜಿನ್ ಕೂರಿಸಿದ ಮೇಲೆ ಟ್ಯಾಪೆಟ್ ಕವರ್ (ವಾಲ್ವ್ ಕಡೆಯ ಮುಚ್ಚಳ) ಬಿಚ್ಚಲು ಸ್ಪ್ಯಾನರ್ ಹೋಗುತ್ತದಾ ನೋಡು. ವಾಲ್ವ್ ಕ್ಲಿಯರೆನ್ಸ್, ಅಂದರೆ ಅಲ್ಲಿನ ಸಣ್ಣ ಸಂದು, ಹೊಂದಿಸಲು ಪ್ರತಿ ಸಲ ಎಂಜಿನ್ ಇಳಿಸುವ ಹಾಗೆ ಆಗಬಾರದು.

[ಸಂಜೆ]

ತಮ್ಮ: [ಫೋಟೊ] ಮಾವ, ಪಟ್ಟಿ ಹಿಡಿದು ನೋಡಿದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್ 11 ಮಿ.ಮೀ. ಒಳಗಿದೆ.

ಮಾವ: ಎಂಜಿನ್ ಹೊರಕ್ಕೆ ಸರಿಸಲು ಜಾಗ ಎಷ್ಟಿದೆ?

ತಮ್ಮ: 6 ಮಿ.ಮೀ. ಅಷ್ಟೇ. ಆಮೇಲೆ ಕೆಳಗಿನ ಕೊಳವೆ ತಾಗುತ್ತದೆ.

ಮಾವ: ಹಾಗಾದರೆ ಉಳಿದ 5 ಆಫ್‌ಸೆಟ್ ಸ್ಪ್ರಾಕೆಟ್ಟಿನಲ್ಲಿ (ಹಲ್ಲುಸಾಲು ಪಕ್ಕಕ್ಕೆ ಸರಿದಿರುವುದು) ಬರುತ್ತದಾ ನೋಡಬೇಕು. ಪಟ್ಟಿ ಹಾಗೇ ಕಟ್ಟಿಡು, ಏನನ್ನೂ ಕತ್ತರಿಸಬೇಡ. ಭಾನುವಾರ ವರ್ನಿಯರ್ ಅಳತೆಗೋಲು ತೆಗೆದುಕೊಂಡು ಬರುತ್ತೇನೆ.